ಕಲ್ಲಿನ ಉಡುಗೆ, ಮನೆಯ ಹೊಲಿಗೆ

ಮನುಷ್ಯನು ಬಟ್ಟೆಯನ್ನು ನೇಯ್ದು ಉಡುವುದಕ್ಕೆ ಮೊದಲು ಅದನ್ನು ಮರದಿಂದ ಪಡೆಯುತ್ತಿದ್ದನೆಂದು ಜೈನ ಪುರಾಣಗಳು ಹೇಳುತ್ತವೆ. ಭೋಗಭೂಮಿಯ ಕಾಲದಲ್ಲಿ ಹತ್ತು ಬಗೆಯ ಕಲ್ಪವೃಕ್ಷಗಳಿದ್ದವು. ಅವುಗಳಲ್ಲಿ ವಸ್ತ್ರಾಂಗವು ಬಟ್ಟೆಯನ್ನೂ ಭೂಷಣಾಂಗವು ಆಭರಣವನ್ನೂ ಕೊಡುತ್ತಿದ್ದವು. ಕಾಲ ಸವೆದಂತೆ ಆ ವೃಕ್ಷಗಳು ಕ್ಷೀಣಿಸಿದವು. ಪ್ರಜೆಗಳು ದಿಕ್ಕುಗಾಣದೆ ನಾಭಿರಾಜನ ಮಗನಾದ ವೃಷಭದೇವನ ಬಳಿಗೆ ಬಂದರು. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಸ್ವಾಮಿಯು ಅವರಿಗೆ ಉಪದೇಶಿಸಿದನು. ನೂಲುವುದು, ನೇಯುವುದು, ಹೊಲಿಯುವುದು ಶಿಲ್ಪಕ್ಕೆ ಸೇರಿದುವು; ಅದನ್ನು ಗಜಗೋಲಿನಲ್ಲಿ ಅಳೆದು ಮಾರುವುದು ವಾಣಿಜ್ಯಕ್ಕೆ ಸೇರಿತು. ಜವಳಿ ಅಂಗಡಿಯ ಶ್ರಾವಕನು ತನ್ನ ವೃತ್ತಿಯ ಮೂಲವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಆದರೆ ಅದೇ ಪುರಾಣದ ಮುಂದಿನ ಭಾಗದಲ್ಲಿ, ಪ್ರಜೆಗಳಿಗೆ ಉಡಲು ಕಲಿಸಿದ ಪ್ರಭುವೇ ಉಟ್ಟದ್ದನ್ನೆಲ್ಲ ಕಳಚಿ ನಿಂತನು. ಜಿನಸೇನಾಚಾರ್ಯರು ಸಂಸ್ಕೃತದಲ್ಲಿಯೂ, 941ರಲ್ಲಿ ಪಂಪನು ಕನ್ನಡದಲ್ಲಿಯೂ ವಿಸ್ತರಿಸಿದ ಈ ಚರಿತೆಯಲ್ಲಿ ಉಡುವ ವಿದ್ಯೆಯೂ ಬಿಡುವ ವಿದ್ಯೆಯೂ ಒಬ್ಬನಿಂದಲೇ ಬಂದಿವೆ. ಜೈನರ ಉಡುಗೆತೊಡುಗೆಯ ವಿಚಾರವನ್ನು ಎತ್ತಿಕೊಂಡವರು ಇವೆರಡನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ನೋಡಲು ಹಾಸನ ಜಿಲ್ಲೆಯಷ್ಟು ಅನುಕೂಲವಾದ ಸ್ಥಳ ಕರ್ನಾಟಕದಲ್ಲಿ ಬೇರೆಡೆ ಸಿಗುವುದು ಕಷ್ಟ. ಹಾಸನದಿಂದ ಬೇಲೂರಿಗೆ ಹೋಗುವ ಹೆದ್ದಾರಿಯಲ್ಲಿರುವ ಹಗರೆಯಲ್ಲಿ ಇಳಿದವರಿಗೆ ಒಂದು ದಾರಿ ಬೇಲೂರಿಗೂ ಇನ್ನೊಂದು ಹಳೇಬೀಡಿಗೂ ಒಯ್ಯುತ್ತದೆ. ಒಂದು ಕಡೆ 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯ, ಅದರ ಮದನಿಕೆಯರು; ಇನ್ನೊಂದು ಕಡೆ ಹೊಯ್ಸಳೇಶ್ವರ ದೇವಾಲಯ, ಅಲ್ಲಿಗೆ ಅನತಿದೂರದಲ್ಲಿ ಬಸ್ತಿಹಳ್ಳಿಯ ಮೂರು ಬಸದಿಗಳು. 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುದು ಬೇಲೂರು, ಹಳೇಬೀಡು, ಸೋಮನಾಥಪುರಗಳ ಮೂರು ದೇವಾಲಯಗಳು. ಆ ಪ್ರಸಿದ್ಧಿಯನ್ನು ಕೇಳಿ ಬಂದ ಪ್ರವಾಸಿಗರಲ್ಲಿ ಬಸ್ತಿಹಳ್ಳಿಯವರೆಗೆ ನಡೆದುಹೋಗುವವರು ಕಡಿಮೆ. ಹೋದವರಿಗೆ ಮಾತ್ರ ಉಡುಗೆಯ ಪಾಠದ ಎರಡನೆಯ ಅಧ್ಯಾಯ ದೊರಕುತ್ತದೆ.

ಮೊದಲು ಬೇಲೂರು. ಅಲ್ಲಿಯ ಮದನಿಕೆಯರನ್ನು ನೋಡಿ ಹೊಯ್ಸಳರ ಕಾಲದ ಸ್ತ್ರೀಯರ ಉಡುಗೆ ಹೀಗೆಯೇ ಇತ್ತೆಂದು ಹೇಳಿಬಿಡುವವರುಂಟು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಆ ಕಾರಣದಿಂದ ಶಿಲ್ಪಿಗಳು ಹಾರದ ಒಂದೊಂದು ಮಣಿಯನ್ನೂ ಬಿಡಿಸಿ ತೋರಿಸಿದ್ದಾರೆ. ಕೇಯೂರ, ಕಂಕಣ, ನೂಪುರ, ಕರ್ಣಕುಂಡಲ, ತೊಡೆಯ ಮೇಲೆ ಜೋಲುವ ಮೇಖಲೆಯ ಎಳೆಗಳು ಎಲ್ಲವೂ ಅಕ್ಕಸಾಲಿಗನ ಲೆಕ್ಕಕ್ಕೆ ಸಿಗುವಷ್ಟು ಸ್ಪಷ್ಟ. ಬಟ್ಟೆಯಾದರೋ ಬಹುಮಟ್ಟಿಗೆ ಗೀರುಗಳಲ್ಲಿ ಮುಗಿದುಹೋಗಿದೆ: ತೊಡೆಗೆ ಅಂಟಿದ ವಸ್ತ್ರದ ನೆರಿಗೆಗೆ ನಾಲ್ಕು ಗೆರೆ, ಅಂಚಿಗೆ ಒಂದು ಪಟ್ಟಿ, ಸೊಂಟದ ಪಕ್ಕದಲ್ಲಿ ಹಾರಾಡುವ ಸೆರಗಿನ ತುದಿ. ಕೋತಿಯು ಸೀರೆಯನ್ನು ಹಿಡಿದೆಳೆಯುವ ಮದನಿಕೆಯೊಬ್ಬಳು ಅಲ್ಲಿದ್ದಾಳೆ. ಎಳೆದಾಗ ಮಾತ್ರ ಮೈಯಿಂದ ಬಿಡಿಸಿಕೊಂಡು ಬಟ್ಟೆಯು ಬಟ್ಟೆಯಾಗಿ ಕಾಣುತ್ತದೆ! ಮೈಮಾಟವನ್ನು ಮರೆಸುವ ದಪ್ಪ ವಸ್ತ್ರವನ್ನು ಕೆತ್ತುವುದು ಆ ಶಿಲ್ಪಸಂಪ್ರದಾಯಕ್ಕೆ ಬೇಕಾಗಿರಲಿಲ್ಲ. ಅದನ್ನು ಕಾಲದ ಪಡಿಯಚ್ಚೆಂದು ತಿಳಿಯುವುದು ಇಂದಿನ ಒಡವೆ ಅಂಗಡಿಯ ಜಾಹೀರಾತನ್ನು ನೋಡಿ ಹಾಸನದ ಸಂತೆಗೆ ಬರುವ ಹೆಂಗಸರ ಉಡುಗೆಯನ್ನು ಊಹಿಸಿದಂತೆ.

ದರ್ಪಣ ಹಿಡಿದ ಸುಂದರಿಯನ್ನು ಶಾಂತಲಾದೇವಿಯೆಂದು ತೋರಿಸುವ ರೂಢಿಯೂ ಇದೆ. ಇದಕ್ಕೆ ಶಾಸನದ ಆಧಾರವಿಲ್ಲ. ಈ ಮಾತನ್ನು ಒತ್ತಿ ಹೇಳಬೇಕಾದುದು ಏಕೆಂದರೆ ಸುತ್ತಲಿನ ಶಾಲೆಗಳಲ್ಲಿ ಶಾಂತಲೆಯ ವೇಷ ಹಾಕುವ ಹೆಣ್ಣುಮಕ್ಕಳಿಗೆ ಮಾದರಿಯಾಗಿರುವುದು ಈ ಒಂದು ಶಿಲ್ಪ, ಅದೂ ಸಿನಿಮಾದ ಮೂಲಕ.

ಹಾಗಾದರೆ ಆ ಕಾಲದವರು ಏನನ್ನು ಉಡುತ್ತಿದ್ದರು? ಕಲ್ಲು ಹೇಳದ ಬಣ್ಣವನ್ನು ತಾಳೆಗರಿ ಹೇಳುತ್ತದೆ. ಮೂಡಬಿದಿರೆಯಲ್ಲಿ ಉಳಿದುಬಂದ ಧವಳಾದಿ ಸಿದ್ಧಾಂತ ಗ್ರಂಥಗಳ ಪ್ರತಿಗಳಲ್ಲಿ 12ನೆಯ ಶತಮಾನದ ಆರಂಭದ ವರ್ಣಚಿತ್ರಗಳಿವೆ. ಯಕ್ಷಯಕ್ಷಿಯರೂ ಭಕ್ತರೂ ಅಲ್ಲಿ ಬಣ್ಣಬಣ್ಣದ ವಸ್ತ್ರಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಬೇಲೂರಿನ ದೇವಾಲಯವೂ ಈ ಗರಿಗಳೂ ಹೆಚ್ಚುಕಡಿಮೆ ಒಂದೇ ತಲೆಮಾರಿನ ಕೆಲಸ. ಅಂಗೈಯಗಲದ ಆ ಗರಿಗಳು ಇಲ್ಲದಿದ್ದರೆ ಹೊಯ್ಸಳರ ಕಾಲವೆಂದರೆ ಕಣ್ಣಮುಂದೆ ಬೂದುಗಪ್ಪು ಬಣ್ಣವೊಂದೇ ನಿಲ್ಲುತ್ತಿತ್ತು. ಸೂಜಿಯ ಬಳಕೆ ಅಂದು ಇರಲಿಲ್ಲವೆಂಬ ಮಾತೂ ನಿಲ್ಲುವುದಿಲ್ಲ. ಸಂಸ್ಕೃತದ ಕೂರ್ಪಾಸವು ಕುಪ್ಪಸವಾಗಿ ಕನ್ನಡಕ್ಕೆ ಬಂದುದು ಬಹಳ ಹಿಂದೆ. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವನಿದ್ದನು. ಅವನಿಗಿಂತ ಮೊದಲೇ ನೇಕಾರನಾದ ಜೇಡರ ದಾಸಿಮಯ್ಯನು ವಚನಗಳನ್ನು ನುಡಿದಿದ್ದನು. ಕಾಯಕದ ಹೆಸರಿನಿಂದಲೇ ಜನರು ಗುರುತಿಸಲ್ಪಡಬೇಕಾದರೆ ಆ ಕಾಯಕಕ್ಕೆ ನಾಡಿನಲ್ಲಿ ಗಿರಾಕಿಗಳಿದ್ದಿರಲೇಬೇಕು.

ಅರಸರ ವಸ್ತ್ರಗಳ ವಿಚಾರಕ್ಕೆ ಇನ್ನೂ ಒಳ್ಳೆಯ ಆಧಾರವಿದೆ. ಹೊಯ್ಸಳರು ಯಾರ ಸಾಮಂತರಾಗಿದ್ದರೋ ಆ ಕಲ್ಯಾಣದ ಚಾಳುಕ್ಯರ ದೊರೆ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಸ್ತ್ರೋಪಭೋಗವೆಂಬ ಒಂದು ಅಧ್ಯಾಯವೇ ಇದೆ. ಚೋಳದೇಶ, ನಾಗಪಟ್ಟಣ, ಸಿಂಹಳ, ಕಳಿಂಗ, ವಂಗ, ಇಂದಿನ ಮುಲ್ತಾನವಾದ ಮೂಲಸ್ಥಾನ, ಮಹಾಚೀನ ಮೊದಲಾದ ಕಡೆಗಳಿಂದ ಬಂದ ಬಟ್ಟೆಗಳನ್ನು ದೊರೆ ಹೆಸರಿಸುತ್ತಾನೆ. ಹತ್ತಿ, ನಾರು, ರೇಷ್ಮೆ, ಉಣ್ಣೆಗಳ ಭೇದವನ್ನೂ, ಮಂಜಿಷ್ಠ, ಅರಗು, ಕುಸುಬೆ, ಅರಿಸಿನ, ನೀಲಿಗಳ ಬಣ್ಣವನ್ನೂ, ಯಾವ ಋತುವಿಗೆ ಯಾವುದು ಒಪ್ಪುತ್ತದೆಂಬುದನ್ನೂ ಹೇಳುತ್ತಾನೆ. ವ್ಯಾಪಾರ ಬಲ್ಲವರು ಓದಿದರೆ ಇದೊಂದು ದೊಡ್ಡ ಜವಳಿ ಮಳಿಗೆಯ ದಾಸ್ತಾನು ಪುಸ್ತಕದಂತಿದೆ.

ಈ ಅಧ್ಯಾಯವಿರುವ ಭಾಗಕ್ಕೆ ಉಪಭೋಗ ವಿಂಶತಿ ಎಂದು ಹೆಸರು. ಅಂದರೆ ಅರಸನು ಅನುಭವಿಸತಕ್ಕ ಇಪ್ಪತ್ತು ಉಪಭೋಗಗಳು. ಶ್ರಾವಕರಿಗೆ ಈ ಶಬ್ದ ಅಪರಿಚಿತವಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಒಮ್ಮೆ ಬಳಸಿದೊಡನೆ ಮುಗಿಯುವ ಅನ್ನಾದಿಗಳನ್ನು ಭೋಗವೆಂದೂ, ಮತ್ತೆ ಮತ್ತೆ ಬಳಸಬಹುದಾದ ವಸ್ತ್ರಾದಿಗಳನ್ನು ಉಪಭೋಗವೆಂದೂ ವಿಂಗಡಿಸಿ, ಎರಡಕ್ಕೂ ಮಿತಿ ಹಾಕಿಕೊಳ್ಳುವಂತೆ ವಿಧಿಸುತ್ತದೆ. ಆ ಮಿತಿ ಜೀವಾವಧಿಯದಾಗಿಯೇ ಇರಬೇಕೆಂದಿಲ್ಲ. ಇಂದು ಒಂದು ದಿನ, ಒಂದು ರಾತ್ರಿ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು ಎಂದು ಅವಧಿ ಹಾಕಿಕೊಂಡರೂ ಅದು ನಿಯಮವೇ. ಒಂದೇ ಶಬ್ದವನ್ನು ಅರಮನೆಯು ಐಶ್ವರ್ಯದ ಲೆಕ್ಕಕ್ಕೂ ಆಚಾರ್ಯರು ಸಂಯಮದ ಲೆಕ್ಕಕ್ಕೂ ಬಳಸಿದರು. ‘ಮಾನಸೋಲ್ಲಾಸ’ ಸಿದ್ಧವಾಗುತ್ತಿದ್ದ ಆ ವರ್ಷಗಳಲ್ಲಿಯೇ, 1131ರಲ್ಲಿ, ಶಾಂತಲಾದೇವಿ ಶಿವಗಂಗೆಯಲ್ಲಿ ದೇಹವನ್ನು ತ್ಯಜಿಸಿದಳು. ಮಗಳ ಮರಣಾನಂತರ ತಾಯಿ ಮಾಚಿಕಬ್ಬೆ ಶ್ರವಣಬೆಳಗೊಳದಲ್ಲಿ ಉಪವಾಸವ್ರತದಿಂದ ಮುಡಿಪಿದಳು. ಗೀತ, ವಾದ್ಯ, ನೃತ್ಯಗಳಲ್ಲಿ ಪ್ರವೀಣೆಯೆಂದು ಶಾಸನಗಳು ಕೊಂಡಾಡುವ ಆ ರಾಣಿಯು 1123ರಲ್ಲಿ ಬೆಳಗೊಳದ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು. ಅರಮನೆಯ ಉಪಭೋಗವನ್ನು ಕಂಡವಳಿಗೆ ಬಸದಿಯ ಮಿತಿಯೂ ತಿಳಿದಿತ್ತು. ಶಾಲೆಯ ವೇದಿಕೆಯ ಮೇಲಿನ ಶಾಂತಲೆಗೆ ಕನ್ನಡಿಯನ್ನು ಕೊಡುವಂತೆಯೇ ಶಾಸನದ ಒಂದು ಓಲೆಯನ್ನೂ ಕೊಡಬಹುದಲ್ಲವೆ? ಯಾರೂ ಕೊಡುವುದಿಲ್ಲ.

ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿ 1133ರದು. ಗಂಗರಾಜನ ಮಗ ಬೊಪ್ಪದೇವನು ತಂದೆಯ ನೆನಪಿಗಾಗಿ ಇದನ್ನು ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದವು ವಿಷ್ಣುವರ್ಧನನಿಗೆ ತಲುಪಿದಾಗ ಅವನು ಯುದ್ಧದಲ್ಲಿ ಗೆದ್ದಿದ್ದನು, ಅವನಿಗೆ ಮಗನೂ ಹುಟ್ಟಿದ್ದನು. ಆ ಸಂತೋಷದಲ್ಲಿ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಾಯಿತು. ಈ ಬಸದಿಯ ನವರಂಗದ ಕಂಬಗಳು ಕನ್ನಡಿಯಂತೆ ಹೊಳೆಯುವುದನ್ನು ನೋಡಲೆಂದೇ ಜನರು ಬರುತ್ತಾರೆ. ಮುಂದೆ ನಿಂತವರ ಪಂಚೆ, ಸೀರೆ, ಷರಾಯಿಗಳೆಲ್ಲ ಅದರಲ್ಲಿ ಉದ್ದುದ್ದವಾಗಿ ಬಿಂಬಿಸುತ್ತವೆ. ಒಳಗೆ ನಿಂತ ಸ್ವಾಮಿಯ ಮೈಮೇಲೆ ಮಾತ್ರ ಒಂದು ನೂಲೂ ಇಲ್ಲ. ಮದನಿಕೆಯರನ್ನು ಕೆತ್ತಿದ ಕಾಲದ ಉಳಿಯೇ, ಯಕ್ಷಯಕ್ಷಿಯರ ಕಿರೀಟದ ಹರಳುಗಳನ್ನು ಎಣಿಸಿ ಕೂರಿಸಿದ ಉಳಿಯೇ, ಜಿನಬಿಂಬದ ಮುಂದೆ ಸುಮ್ಮನಾಗಿದೆ. ಅರಸೀಕೆರೆಯಲ್ಲಿ 1220ರಲ್ಲಿ ರೇಚರಸನು ಕಟ್ಟಿಸಿದ ಸಹಸ್ರಕೂಟ ಜಿನಾಲಯದಲ್ಲಿ ಸಾವಿರ ಜಿನಬಿಂಬಗಳ ಕಲ್ಪನೆ. ಸಾವಿರಕ್ಕೂ ಇದೇ ನಿಯಮ. ಸುತ್ತಲಿನವರಿಗೆ ಎಲ್ಲ ಉಡುಗೆ, ನಡುವಿನವನಿಗೆ ದಿಕ್ಕುಗಳೇ ಅಂಬರ. ಈ ಭೇದವನ್ನು ನೆನಪಿಟ್ಟುಕೊಂಡರೆ ಮುಂದೆ ಬರುವ ವೇಷದ ಪ್ರಶ್ನೆಯನ್ನು ಬಿಡಿಸುವುದು ಸುಲಭವಾಗುತ್ತದೆ.

ಹೊಯ್ಸಳರಿಂದ ಇತ್ತೀಚಿನವರೆಗೆ ಉಡುಗೆಯ ಚಿತ್ರ ಹೇಗೆ ಬದಲಾಯಿತೆಂಬುದನ್ನು ಇಲ್ಲಿ ಚುಟುಕಾಗಿ ನೋಡಿದರೆ ಸಾಕು. ಶ್ರವಣಬೆಳಗೊಳದ ಜೈನ ಮಠದ ಗೋಡೆಗಳ ಮೇಲೆ ನಾಗಕುಮಾರನ ಚರಿತೆ, ಪಾರ್ಶ್ವನಾಥರ ಸಮವಸರಣ, ಷಡ್ಲೇಶ್ಯೆಗಳ ಮರ ಮುಂತಾದವುಗಳ ಜೊತೆಗೆ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರೂ ಚಿತ್ರಿತವಾಗಿದೆ. ಪುರಾಣದ ಪಕ್ಕದಲ್ಲಿ ತಮ್ಮ ಕಾಲದ ಅರಮನೆಯನ್ನು ಬರೆಯಲು ಆ ಚಿತ್ರಕಾರರಿಗೆ ಸಂಕೋಚವಿರಲಿಲ್ಲ. 1894ರಲ್ಲಿ ರವಿವರ್ಮನ ಮುದ್ರಣಾಲಯ ಆರಂಭವಾದ ಮೇಲೆ ದೇವತೆಗಳ ಪಟಗಳು ಮನೆಮನೆಯ ಗೋಡೆಗೆ ಬಂದವು. ನೆರಿಗೆ ಹಿಡಿದು ಸೆರಗು ಹೊದ್ದ ಸೀರೆ, ತೋಳಿನ ರವಿಕೆ ಎಲ್ಲ ದೇವಿಯರ ಉಡುಗೆಯಾಯಿತು. ಅದಕ್ಕೆ ಮೊದಲು ಈ ಸೀಮೆಯ ಅಜ್ಜಿಯರು ಉಡುತ್ತಿದ್ದುದು 18 ಮೊಳದ ಕಚ್ಚೆ ಸೀರೆ, ಅಂದರೆ 9 ಗಜ. ಲಂಗದ ಮೇಲೆ ಉಡುವ ಇಂದಿನ ಕ್ರಮವನ್ನು 1860ರ ದಶಕದಲ್ಲಿ ಬಂಗಾಳದ ಠಾಕೂರ್ ಮನೆತನದ ಜ್ಞಾನದಾನಂದಿನಿ ದೇವಿ ಮುಂಬಯಿಯ ವಾಸದಲ್ಲಿ ಕಲಿತು ಬಳಕೆಗೆ ತಂದವರಲ್ಲಿ ಮೊದಲಿಗರು. ಪರಂಪರೆಯ ಉಡುಗೆಯೆಂದು ಇಂದು ಭಾವಿಸುವುದರ ವಯಸ್ಸು ಬಹುಶಃ ಮುತ್ತಜ್ಜಿಯ ವಯಸ್ಸಿಗಿಂತ ಹೆಚ್ಚಿಲ್ಲ. ಅನಂತರ ಕಂಪೆನಿ ನಾಟಕಗಳು ಬಂದವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿಯಂಥವುಗಳ ಮಖಮಲ್ಲು, ಜರಿ, ಗಾಜಿನ ಹರಳುಗಳು ರಾಜನೆಂದರೆ ಹೀಗಿರಬೇಕೆಂದು ಜನರ ಮನಸ್ಸಿನಲ್ಲಿ ಕೂರಿಸಿದವು. 1964ರಲ್ಲಿ ‘ಅಮರಶಿಲ್ಪಿ ಜಕಣಾಚಾರಿ’ ಪೂರ್ಣ ವರ್ಣದಲ್ಲಿ ಬಂದಾಗ ಬೇಲೂರಿನ ಕಲ್ಲಿಗೆ ಸಿನಿಮಾದ ಬಣ್ಣ ಅಂಟಿತು. ಬೇಲೂರಿನ ಶಿಲ್ಪಗಳ ಮೇಲೆ ಹೆಸರು ಕೆತ್ತಿರುವವರು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು. ಅವರ ವೇಷವನ್ನು ಯಾವ ಮಗುವೂ ಹಾಕಿದ್ದಿಲ್ಲ.

ಇನ್ನು ಮನೆಯ ಹೊಲಿಗೆ. ಬಸದಿಯ ವಾರ್ಷಿಕೋತ್ಸವಕ್ಕೋ ಮಹಾವೀರ ಜಯಂತಿಗೋ ಶಾಲೆಯ ರಾಜ್ಯೋತ್ಸವಕ್ಕೋ ಮಕ್ಕಳಿಗೆ ವೇಷ ಕಟ್ಟುವ ಕೆಲಸ ಹಿಂದೆ ಪೂರ್ತಿಯಾಗಿ ಮನೆಯದಾಗಿತ್ತು. ಈ ಸೀಮೆಗೆ ಇದರ ಶಿಕ್ಷಣ ಮೂಡಲಪಾಯ ಯಕ್ಷಗಾನದಿಂದ ದೊರೆತಿತ್ತು. ಆ ಆಟದ ಕಿರೀಟ, ಭುಜಕೀರ್ತಿ, ಎದೆಹಾರಗಳನ್ನು ಹಗುರವಾದ ಮರದಲ್ಲಿ ಕೆತ್ತಿ, ಬೇಗಡೆ ಹಚ್ಚಿ, ಕನ್ನಡಿಯ ಚೂರುಗಳನ್ನು ಕೂರಿಸುತ್ತಿದ್ದರು. ಅದನ್ನು ಕಂಡವರು ಮನೆಯಲ್ಲಿ ರಟ್ಟಿನಿಂದ ಅದೇ ಕೆಲಸ ಮಾಡಿದರು. ದಾರದಿಂದ ಮಗುವಿನ ತಲೆಯ ಸುತ್ತಳತೆ ತೆಗೆದು, ರಟ್ಟನ್ನು ಕತ್ತರಿಸಿ, ಹುಣಸೆಬೀಜದ ಅಂಟನ್ನೋ ಮೈದಾ ಗೋಂದನ್ನೋ ಹಚ್ಚಿ, ಹಳೆಯ ಪತ್ರಿಕೆಯ ಪದರಗಳನ್ನು ಒಂದರ ಮೇಲೊಂದು ಅಂಟಿಸಿ, ಒಣಗಿದ ಮೇಲೆ ಬಂಗಾರದ ಕಾಗದ ಸುತ್ತುವುದು. ಪೆಟ್ಟಿಗೆಯ ತಳದಲ್ಲಿದ್ದ ತಾಯಿಯ ಸೀರೆಯನ್ನು ಮಡಿಸಿ ಕಚ್ಚೆ ಹಾಕಿದರೆ ಆಯಿತು ಇಂದ್ರನ ಪೀತಾಂಬರ. ಮಾರನೆಯ ದಿನ ಸೀರೆ ಮತ್ತೆ ಪೆಟ್ಟಿಗೆಗೆ. ಇದರಲ್ಲಿ ಖರ್ಚು ಕಡಿಮೆಯೆಂಬುದಕ್ಕಿಂತ ಮುಖ್ಯವಾದ ಸಂಗತಿಯೊಂದಿತ್ತು: ಅಂಟು ಒಣಗುವ ಎರಡು ಸಂಜೆಗಳಲ್ಲಿ ಇಂದ್ರ ಯಾರು, ಶಚಿ ಯಾರು, ಅವರು ಅಯೋಧ್ಯೆಗೆ ಬಂದುದು ಏಕೆ ಎಂಬ ಕಥೆಯನ್ನು ಅಜ್ಜಿ ಹೇಳಿ ಮುಗಿಸಿರುತ್ತಿದ್ದಳು. ಬಾಡಿಗೆಗೆ ತಂದ ವೇಷ ಸಿದ್ಧವಾಗಿಯೇ ಬರುತ್ತದೆ. ಕಥೆ ಹೇಳಲು ಸಮಯ ಸಿಗುವುದಿಲ್ಲ.

ಮನೆಯಲ್ಲಿ ಹೊಲಿಯುವವರಿಗೆ ಹಳೇಬೀಡಿನ ಕಲ್ಲು ಇನ್ನೂ ಉಪಯೋಗಕ್ಕೆ ಬರುತ್ತದೆ. ಅಲ್ಲಿಯ ಕಿರೀಟಗಳಲ್ಲಿ ಕರಂಡಮಕುಟವೆಂಬ ಒಂದು ಬಗೆ ಇದೆ. ಕರಂಡವೆಂದರೆ ಬುಟ್ಟಿ, ದೊಡ್ಡದರ ಮೇಲೆ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು ಎಂಬಂತೆ ಮೇಲೆ ಹೋದಂತೆ ಕಿರಿದಾಗುವ ಆಕಾರ. ರಟ್ಟಿನ ನಾಲ್ಕು ಬಳೆಗಳನ್ನು ಹೀಗೆ ಜೋಡಿಸಿದರೆ ಸಿನಿಮಾದ ಕಿರೀಟಕ್ಕಿಂತ ಹೊಯ್ಸಳ ಕಿರೀಟಕ್ಕೆ ಹತ್ತಿರವಾದ ವಸ್ತು ಸಿದ್ಧವಾಗುತ್ತದೆ. ಅರಸೀಕೆರೆಯಂತಹ ತೆಂಗಿನ ಸೀಮೆಯಲ್ಲಿ ತೋಳಬಂದಿಗೆ ತೆಂಗಿನ ಚಿಪ್ಪಿಗಿಂತ ಒಳ್ಳೆಯ ಸಾಮಗ್ರಿ ಬೇಕಿಲ್ಲ. ಮಾದರಿಗಾಗಿ ದೂರದರ್ಶನದ ಧಾರಾವಾಹಿಯನ್ನು ನೋಡುವ ಬದಲು ಹಗರೆಯಿಂದ ಬಸ್ಸು ಹತ್ತಿ ಮಗುವನ್ನು ಕಲ್ಲಿನ ಮುಂದೆ ನಿಲ್ಲಿಸಿ, ಅದರ ಕೈಯಿಂದಲೇ ಚಿತ್ರ ಬರೆಯಿಸಿದರೆ ಅರ್ಧ ಕೆಲಸ ಮುಗಿದಂತೆ.

ಸಾಮಗ್ರಿಯ ಮಾತು ಬಂದುದರಿಂದ ಕೆಲವು ಸಂಗತಿಗಳನ್ನು ಹೇಳಬೇಕು. ಶ್ರಾವಕನು ವರ್ಜಿಸಬೇಕಾದ ಹದಿನೈದು ವೃತ್ತಿಗಳಲ್ಲಿ ದಂತವಾಣಿಜ್ಯ, ಕೇಶವಾಣಿಜ್ಯಗಳ ಜೊತೆಗೆ ಲಾಕ್ಷಾವಾಣಿಜ್ಯವೂ, ಅಂದರೆ ಅರಗಿನ ವ್ಯಾಪಾರವೂ ಸೇರಿದೆ. ಸೋಮೇಶ್ವರನ ಪಟ್ಟಿಯಲ್ಲಿ ಬಣ್ಣವಾಗಿರುವ ಅದೇ ಅರಗು ಆಚಾರ್ಯರ ಪಟ್ಟಿಯಲ್ಲಿ ಹಿಂಸೆಯಾಗಿದೆ. ಕೀಟಗಳ ರಾಶಿಯಿಂದ ಅದು ಬರುತ್ತದೆಂಬುದೇ ಕಾರಣ. ರೇಷ್ಮೆಯ ಪ್ರಶ್ನೆ ಇನ್ನೂ ಹತ್ತಿರದ್ದು. 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಪ್ರೋತ್ಸಾಹದಿಂದ ಮೈಸೂರು ಸೀಮೆಯಲ್ಲಿ ರೇಷ್ಮೆ ಬೇರೂರಿತು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಕಾರ್ಖಾನೆಯೂ ಆಯಿತು. ಸಾವಿರಾರು ರೈತರು, ನೇಕಾರರು ಅದರಿಂದ ಬದುಕುತ್ತಿರುವುದನ್ನು ಮರೆತು ಮಾತಾಡುವುದು ತರವಲ್ಲ. ಆದರೂ ಗೂಡಿನೊಳಗಿನ ಹುಳು ಚಿಟ್ಟೆಯಾಗಿ ಹೊರಬಿದ್ದರೆ ಎಳೆ ತುಂಡಾಗುವುದರಿಂದ ಅದಕ್ಕೆ ಮೊದಲೇ ಗೂಡನ್ನು ಶಾಖಕ್ಕೆ ಒಡ್ಡುತ್ತಾರೆ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಕೆಲವು ಮನೆಗಳಲ್ಲಿ ಮಡಿಗೆಂದು ರೇಷ್ಮೆಯನ್ನೇ ಉಟ್ಟು ಅಹಿಂಸಾಮೂರ್ತಿಯ ಮುಂದೆ ನಿಲ್ಲುವುದುಂಟು. ಒಗೆದ ಹತ್ತಿಯ ಪಂಚೆ, ಉತ್ತರೀಯಗಳಿಗಿಂತ ಇದು ಹೆಚ್ಚು ಶುಚಿಯೆಂಬ ಭಾವನೆ ಎಲ್ಲಿಂದ ಬಂದಿತೋ, ಶ್ರಾವಕಾಚಾರದಿಂದಂತೂ ಬಂದಿರಲಾರದು. ಚಿಟ್ಟೆ ಹಾರಿಹೋದ ಮೇಲೆ ಉಳಿದ ಗೂಡಿನಿಂದ ನೂಲುವ ಬಟ್ಟೆಯೂ ಈಗ ದೊರೆಯುತ್ತದೆ. ಅದು ಹತ್ತಿಯಂತೆ ನೂತದ್ದು, ಮಿರುಗು ಕಡಿಮೆ. ಮಗುವಿನ ಒಂದು ಗಂಟೆಯ ವೇಷಕ್ಕೆ ಹತ್ತಿಯೇ ಸಾಕು.

ಬಸದಿಯ ಒಳಗೇ ವೇಷಕ್ಕೆ ವಿಧಿಯ ಸ್ಥಾನವಿದೆಯೆಂಬುದನ್ನು ಹೊಸ ತಲೆಮಾರು ಅಷ್ಟಾಗಿ ಗಮನಿಸಿಲ್ಲ. ಆರಾಧನೆಗೆ ಕುಳಿತ ಗೃಹಸ್ಥನು ಯಜ್ಞೋಪವೀತ, ಕಿರೀಟ, ಕಂಕಣ, ಮುದ್ರಿಕೆಗಳನ್ನು ಧರಿಸಿ ತಾನು ಇಂದ್ರನೆಂದು ಭಾವಿಸಿಕೊಳ್ಳುತ್ತಾನೆ. ವಿಸರ್ಜನೆಯಾದೊಡನೆ ಅವನು ಮತ್ತೆ ಅಂಗಡಿಯ ಗೃಹಸ್ಥ. ತುಳುನಾಡಿನಲ್ಲಿ ಬಸದಿಯ ಪುರೋಹಿತರನ್ನು ಇಂದಿಗೂ ಇಂದ್ರರೆಂದೇ ಕರೆಯುತ್ತಾರೆ. ಪಂಚಕಲ್ಯಾಣದಲ್ಲಿ ಇದು ಇಡೀ ಊರಿನ ನಾಟಕವಾಗುತ್ತದೆ: ನಾಭಿರಾಜ, ಮರುದೇವಿ, ಸೌಧರ್ಮೇಂದ್ರ, ಶಚಿ, ಕುಬೇರ, ಮರುದೇವಿಯ ಸೇವೆಗೆ ಬರುವ ದೇವಕುಮಾರಿಯರು. ಈ ಸ್ಥಾನಗಳನ್ನು ಸವಾಲಿನಲ್ಲಿ ಪಡೆಯುವ ಪದ್ಧತಿಯಿಂದ ಬಸದಿಯ ಭಂಡಾರಕ್ಕೆ ಹಣ ಬರುವುದು ನಿಜ, ಅದನ್ನು ಹಳಿಯುವುದೂ ಬೇಡ. ಆದರೆ ಸವಾಲಿನಲ್ಲಿ ಗೆದ್ದವರು ಉಡುಗೆಯಲ್ಲಿಯೂ ಗೆಲ್ಲಬೇಕೆಂದು ಹೊರಟಾಗ ಇಂದ್ರನ ವಿನಯ ಮರೆತುಹೋಗಿ ವೈಭವ ಮಾತ್ರ ಉಳಿಯುತ್ತದೆ. ಪುರಾಣದ ಇಂದ್ರನಾದರೋ ತನ್ನ ಐರಾವತದಿಂದ ಇಳಿದು ಶಿಶುವಿನ ಮುಂದೆ ಕುಣಿದವನು.

ಈ ಎಲ್ಲ ಪಾತ್ರಗಳ ನಡುವೆ ಒಂದು ಪಾತ್ರಕ್ಕೆ ಮಾತ್ರ ನಟನಿಲ್ಲ. ತೊಟ್ಟಿಲಲ್ಲಿ ತೂಗುವುದು, ಪಾಂಡುಕಶಿಲೆಯ ಮೇಲೆ ಅಭಿಷೇಕಗೊಳ್ಳುವುದು, ರಾಜವಸ್ತ್ರ ಧರಿಸುವುದು, ನೀಲಾಂಜನೆಯ ನೃತ್ಯದ ಮುಂದೆ ಕುಳಿತುಕೊಳ್ಳುವುದು, ಎಲ್ಲವೂ ವಿಧಿನಾಯಕ ಬಿಂಬವೇ. ನೀಲಾಂಜನೆಯಾಗಿ ಹುಡುಗಿಯೊಬ್ಬಳು ಗೆಜ್ಜೆ ಕಟ್ಟಬಹುದು. ಕುಬೇರನಾಗಿ ಊರಿನ ಸಾಹುಕಾರನು ರತ್ನವೃಷ್ಟಿ ಸುರಿಸಬಹುದು. ದಿಗಂಬರ ಮುದ್ರೆಯನ್ನು ಯಾರೂ ಅಭಿನಯಿಸುವುದಿಲ್ಲ.

ಇದನ್ನು ಮರೆತ ಒಂದು ಹೊಸ ವಾಡಿಕೆ ಛದ್ಮವೇಷ ಸ್ಪರ್ಧೆಗಳಲ್ಲಿ ತಲೆಹಾಕುತ್ತಿದೆ. ನಾಲ್ಕೈದು ವರ್ಷದ ಗಂಡುಮಗುವಿಗೆ ಕೈಯಲ್ಲಿ ಆಟದ ಪಿಂಛಿ, ಕಮಂಡಲುಗಳನ್ನು ಕೊಟ್ಟು ಮುನಿಯ ವೇಷದಲ್ಲಿ ನಿಲ್ಲಿಸುವುದು. ತಂದೆತಾಯಿಯರ ಭಕ್ತಿಯನ್ನು ಯಾರೂ ಸಂಶಯಿಸುವುದಿಲ್ಲ. ಮಗು ಮುದ್ದಾಗಿ ಕಾಣುತ್ತದೆ, ಬಹುಮಾನವೂ ಬರುತ್ತದೆ. ಸಣ್ಣ ವಯಸ್ಸಿನಲ್ಲಿ ಸಂಸ್ಕಾರ ಬೀಳಲೆಂಬುದು ಅವರ ವಾದ. ಅದನ್ನು ಒಪ್ಪುವ ಹಿರಿಯರೂ ಇದ್ದಾರೆ. ಆದರೆ ಛದ್ಮವೆಂಬ ಶಬ್ದದ ಅರ್ಥವನ್ನೇ ನೋಡಬೇಕು. ಛದ್ಮವೆಂದರೆ ಮರೆ, ಮುಸುಕು. ಕರ್ಮದ ಮುಸುಕಿನಲ್ಲಿ ಇನ್ನೂ ಇರುವ, ಕೇವಲಜ್ಞಾನ ಪಡೆಯದ ಜೀವಿಯನ್ನು ಶಾಸ್ತ್ರಗಳು ಛದ್ಮಸ್ಥನೆಂದು ಕರೆಯುತ್ತವೆ. ಎಲ್ಲ ಮುಸುಕನ್ನೂ ಕಳಚುವ ವ್ರತದ ರೂಪವನ್ನು ಮುಸುಕಾಗಿ ಹೊದಿಸುವುದು ಸರಿಯೆ?

ಪುರಾಣವೇ ಇದಕ್ಕೆ ಉತ್ತರ ಕೊಟ್ಟಿದೆ. ವೃಷಭಸ್ವಾಮಿಯು ದೀಕ್ಷೆ ಕೈಕೊಂಡಾಗ ನಾಲ್ಕು ಸಾವಿರ ಅರಸರು ಸ್ವಾಮಿಭಕ್ತಿಯೊಂದರಿಂದಲೇ ತಾವೂ ಬಟ್ಟೆ ಕಳಚಿ ನಿಂತರು. ಸ್ವಾಮಿಯು ಆರು ತಿಂಗಳು ಯೋಗದಲ್ಲಿ ನಿಂತನು. ಇವರಿಗೆ ಹಸಿವು ತಡೆಯಲಾಗಲಿಲ್ಲ. ಕಾಡಿನ ಹಣ್ಣನ್ನು ಕಿತ್ತು ತಿನ್ನಲು, ಕೊಳದ ನೀರನ್ನು ಮೊಗೆದು ಕುಡಿಯಲು ಹೊರಟಾಗ ವನದೇವತೆಗಳು ತಡೆದರು: ಈ ರೂಪದಲ್ಲಿದ್ದುಕೊಂಡು ಹೀಗೆ ಮಾಡಬೇಡಿರಿ ಎಂದರು. ಆಗ ಅವರು ನಾರುಡೆಯನ್ನೋ ಎಲೆಯನ್ನೋ ಉಟ್ಟು, ಆಮೇಲೆ ಹಣ್ಣು ತಿಂದರು. ಸ್ವಾಮಿಯ ಮೊಮ್ಮಗ ಮರೀಚಿಯೂ ಅವರಲ್ಲಿದ್ದನು. ದೇವತೆಗಳು ಅವರ ಹಸಿವನ್ನು ದೂಷಿಸಲಿಲ್ಲ, ಉಪವಾಸ ಬೀಳಿರೆಂದೂ ಹೇಳಲಿಲ್ಲ. ಆಚರಣೆಗೆ ತಕ್ಕ ಉಡುಗೆಯನ್ನು ಧರಿಸಿರೆಂದರು, ಅಷ್ಟೆ. ಶ್ರಾವಕನ ಹನ್ನೊಂದು ಪ್ರತಿಮೆಗಳ ಏರ್ಪಾಡಿನಲ್ಲಿಯೂ ಇದೇ ನ್ಯಾಯವಿದೆ. ಕ್ಷುಲ್ಲಕರಿಗೆ ಕೌಪೀನ ಮತ್ತು ಒಂದು ತುಂಡುವಸ್ತ್ರ, ಐಲಕರಿಗೆ ಕೌಪೀನ ಮಾತ್ರ, ಆರ್ಯಿಕೆಯರಿಗೆ 16 ಮೊಳದ ಒಂದೇ ಬಿಳಿಯ ಸೀರೆ. ಅಜ್ಜಿಯ ಸೀರೆಗಿಂತ ಎರಡೇ ಮೊಳ ಕಡಿಮೆ, ಆದರೆ ಆ ಎರಡು ಸೀರೆಗಳ ನಡುವೆ ಇರುವ ದೂರವನ್ನು ಮೊಳದಲ್ಲಿ ಅಳೆಯಲಾಗದು.

ಉತ್ತರ ಭಾರತದ ದಿಗಂಬರ ಸಮಾಜದಲ್ಲಿ ಬ್ರಹ್ಮಗುಲಾಲನೆಂಬ ಬಹುರೂಪಿಯ ಕಥೆ ಪ್ರಚಲಿತವಾಗಿದೆ. ಕರ್ನಾಟಕದಲ್ಲಿ ಅದನ್ನು ಬಲ್ಲವರು ಕಡಿಮೆಯಾದುದರಿಂದ ಇಲ್ಲಿ ಹೇಳುವುದು ಉಚಿತ. ಯಾವ ವೇಷ ಹಾಕಿದರೂ ಅದೇ ಆಗಿಬಿಡುವ ನಟ ಅವನು. ಮಂತ್ರಿಯೊಬ್ಬನು ಅಸೂಯೆಯಿಂದ ಸಂಚು ಹೂಡಿ ಅವನಿಂದ ಸಿಂಹದ ವೇಷ ಹಾಕಿಸಿದನು. ರಾಜಕುಮಾರನು ಆ ಸಿಂಹದ ಮುಂದೆ ಆಡಿನ ಮರಿಯನ್ನು ನಿಲ್ಲಿಸಿ, ಬೇಟೆಯಾಡದ ನೀನೆಂಥ ಸಿಂಹವೆಂದು ಹೀಯಾಳಿಸಿದನು. ವೇಷದ ಆವೇಶದಲ್ಲಿದ್ದವನು ನೆಗೆದು ಹೊಡೆದ ಹೊಡೆತಕ್ಕೆ ರಾಜಕುಮಾರನೇ ಪ್ರಾಣಬಿಟ್ಟನು. ದುಃಖದಲ್ಲಿದ್ದ ರಾಜನು ಮಂತ್ರಿಯ ಮಾತಿನಂತೆ, ದಿಗಂಬರ ಮುನಿಯ ವೇಷದಲ್ಲಿ ಬಂದು ತನಗೆ ಶಾಂತಿಯ ಉಪದೇಶ ಮಾಡೆಂದು ಆಜ್ಞಾಪಿಸಿದನು. ಬ್ರಹ್ಮಗುಲಾಲನು ಮನೆಗೆ ಹೋಗಿ ಎಲ್ಲರಿಂದ ಬೀಳ್ಕೊಂಡು ಬಂದನು. ಅವನ ಉಪದೇಶದಿಂದ ರಾಜನ ಶೋಕ ಶಮನವಾಯಿತು. ಬೇಕಾದುದನ್ನು ಕೇಳು ಎಂದನು. ಬ್ರಹ್ಮಗುಲಾಲನು ಏನನ್ನೂ ಬೇಡಲಿಲ್ಲ. ಬೇರೆ ವೇಷಗಳನ್ನು ಹಾಕಿ ತೆಗೆಯಬಹುದು, ಈ ಒಂದನ್ನು ಹಾಕಿದ ಮೇಲೆ ತೆಗೆಯಲಾಗದೆಂದು ತಿಳಿಸಿ ಕಾಡಿಗೆ ನಡೆದುಬಿಟ್ಟನು.

ಆದುದರಿಂದ ಸ್ಪರ್ಧೆಗಳನ್ನು ಏರ್ಪಡಿಸುವ ಬಸದಿಯ ಸಮಿತಿಗಳು ಮುನಿ, ಆರ್ಯಿಕೆ, ಕ್ಷುಲ್ಲಕ ಈ ಮೂರನ್ನು ಪಟ್ಟಿಯಿಂದ ಬಿಡಿಸಬೇಕೆಂಬ ಕೆಲವರ ಸಲಹೆ ಯುಕ್ತವಾಗಿದೆ. ಮಕ್ಕಳಿಗೆ ಪಾತ್ರಗಳ ಕೊರತೆಯಿಲ್ಲ. ಚಾವುಂಡರಾಯ, ಅವನ ತಾಯಿ ಕಾಳಲಾದೇವಿ, ಗಂಗರಾಜ, ಅತ್ತಿಮಬ್ಬೆ, ಓಲೆಗರಿ ಹಿಡಿದ ಪಂಪ, ಉಳಿ ಹಿಡಿದ ದಾಸೋಜ. ಒಬ್ಬೊಬ್ಬರಿಗೂ ಮನೆಯ ಪೆಟ್ಟಿಗೆಯಲ್ಲಿ ಬಟ್ಟೆಯಿದೆ.

ಪಂಚಕಲ್ಯಾಣದ ದೀಕ್ಷಾಕಲ್ಯಾಣದ ದಿನ ಬಿಂಬದ ಮೈಮೇಲಿನ ರಾಜೋಚಿತ ವಸ್ತ್ರಾಭರಣಗಳನ್ನು ಒಂದೊಂದಾಗಿ ಇಳಿಸುತ್ತಾರೆ. ಮೊದಲು ಕಿರೀಟ, ಅನಂತರ ಹಾರ, ಕೇಯೂರ, ಕಡೆಗೆ ವಸ್ತ್ರ. ಸ್ವಾಮಿಯು ಕಿತ್ತ ಕೇಶವನ್ನು ಇಂದ್ರನು ರತ್ನದ ಕರಡಿಗೆಯಲ್ಲಿಟ್ಟು ಕ್ಷೀರಸಮುದ್ರಕ್ಕೆ ಒಯ್ದನೆಂದು ಪುರಾಣ ಹೇಳುತ್ತದೆ. ಬಸದಿಯಲ್ಲಿ ಇಳಿಸಿದ ವಸ್ತ್ರಗಳನ್ನು ಸಮಿತಿಯವರು ಮಡಿಸಿ ಎಣಿಸಿ, ಭಂಡಾರದ ಪುಸ್ತಕದಲ್ಲಿ ಬರೆದು, ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ. ಇಂದ್ರನ ವೇಷದವನು ಮಾತ್ರ ಇನ್ನೂ ಎರಡು ಕಲ್ಯಾಣಗಳು ಉಳಿದಿವೆಯೆಂದು ರಟ್ಟಿನ ಕಿರೀಟವನ್ನು ಸರಿಮಾಡಿಕೊಂಡು ಬದಿಗೆ ನಿಂತಿರುತ್ತಾನೆ.